ಅಣ್ಣು ಟೇಲರನ ಸ್ಟೂಲಿನ ದಿಂಬು

ಅಣ್ಣು ಟೇಲರನ ಹೆಸರು ಕಿವಿಗೆ ಬಿದ್ದರೆ ಸಾಯಬಣ್ಣ ಇವತ್ತಿಗೂ ಉಣ್ಣುವ ತಾಟು ದೂಡಿ ಎದ್ದುಬಿಡುತ್ತಾನೆ. ರೊಟ್ಟಿ ಅರ್ಧ ಉಳಿದಿರಲಿ, ಮೇಲೆ ಶೇಂಗಾ ಹಿಂಡಿ ಇರಲಿ, ಲೆಕ್ಕಕ್ಕಿಲ್ಲ. ಆ ಅಣ್ಣು ಇವನ ಜೊತೆ ಜಗಳ ತೆಗೆದವನಲ್ಲ, ಒಂದು ಕೆಟ್ಟ ಮಾತು ಆಡಿದವನಲ್ಲ. ಅವನು ಮಾಡಿದ್ದು ಇಷ್ಟೇ. ಸಾಯಬಣ್ಣನ ಹೆಂಡತಿ ರುಕ್ಮಿಣಿಬಾಯಿಯ ಈಗಿನ ಮೈಯ ಅಳತೆಯನ್ನು ಗಂಡನಿಗಿಂತ ಮೊದಲು ಅವನು ತಿಳಿದುಕೊಂಡ. ಇದನ್ನು ಕೇಳಿ ನಗುವವರು ನಗಲಿ. ತಮ್ಮ ಮನೆಯಲ್ಲಿ ಹೀಗಾದಾಗ ಎಷ್ಟು ನಗುತ್ತಾರೋ ಸಾಯಬಣ್ಣನೂ ನೋಡುತ್ತಾನೆ.

ಸಾಯಬಣ್ಣ ಆಳಂದದ ಕಡೆಯವನು. ಬೈಕುಲ್ಲಾದ ಗಾದಿ ಕಾರ್ಖಾನೆಯೊಂದರಲ್ಲಿ ಹತ್ತಿ ತುಂಬುತ್ತಾನೆ. ಗಾದಿಯಾಗಲಿ, ಲೋಡಾಗಲಿ, ತಲೆದಿಂಬಾಗಲಿ, ಬರೀ ಕಣ್ಣಳತೆಯಲ್ಲಿ ತುಂಬಿ ದಬ್ಬಣದಿಂದ ಹೊಲಿದು ಎಸೆದನೆಂದರೆ ವರ್ಷಗಟ್ಟಲೆ ಕುಸಿಯುವುದಿಲ್ಲ. ಇವನಿಗೆ ಹತ್ತಿಯ ಧೂಳು ಮೂಗಿನ ಒಳಗೆ, ಸಿಟ್ಟು ಮೂಗಿನ ತುದಿಗೆ ಎಂದು ಜೊತೆಗಿನವರು ಆಡಿಕೊಳ್ಳುತ್ತಾರೆ. ರುಕ್ಮಿಣಿಬಾಯಿ ಫೋರ್ಟಿನ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾಳೆ, ಕಾಯಿ ತುರಿಯುತ್ತಾಳೆ. ವಡಾಲದ ಚಾಳಿನಲ್ಲಿ ಅವರದೊಂದು ಖೋಲಿ. ಪಕ್ಕದ ಖೋಲಿಯಲ್ಲಿ ಸಾಯಬಣ್ಣನ ತಂಗಿ ರಂಜನಾ. ಚಾಳಿನ ಬಾಗಿಲಲ್ಲೇ ಅಣ್ಣುವಿನ ಅಂಗಡಿ.

ಅಣ್ಣು ಕಾರ್ಕಳದ ಕಡೆಯಿಂದ ಬಂದವನು. ಅರವತ್ತು ದಾಟಿದ್ದರೂ ಕೂದಲಿಗೆ ಎಣ್ಣೆ ಹಚ್ಚಿ ಮಟ್ಟಸವಾಗಿ ಬಾಚುತ್ತಾನೆ. ರುಕ್ಮಿಣಿಬಾಯಿ ಮದುವೆಯಾಗಿ ಮುಂಬೈಗೆ ಬಂದಾಗಿನಿಂದ ಅವಳ ಜಂಪರುಗಳನ್ನೆಲ್ಲ ಹೊಲಿದವನು ಇವನೇ. ಆದರೆ ಅವಳ ಮೈಗೆ ಟೇಪು ತಾಗಿಸಿದವನಲ್ಲ. ಸರಿಯಾಗಿ ಕೂಡುತ್ತಿದ್ದ ಒಂದು ಹಳದಿ ಜಂಪರಿತ್ತು. ಹೊಸ ಬಟ್ಟೆಯ ಜೊತೆ ಅದನ್ನೂ ಚೀಲದಲ್ಲಿ ಹಾಕಿ ಅಳತೆಗೆ ಕಳಿಸಿದರೆ ಮುಗಿಯಿತು. ಚೀಲ ಒಯ್ಯುವವನು ಸಾಯಬಣ್ಣ, ಹೊಲಿದದ್ದನ್ನು ತರುವವನೂ ಸಾಯಬಣ್ಣ. ಆ ಕಾಲದಲ್ಲಿ ಅಣ್ಣು ಅವನ ಕಣ್ಣಿಗೆ ಒಳ್ಳೆಯ ಮನುಷ್ಯನಾಗಿಯೇ ಕಾಣುತ್ತಿದ್ದ.

ಆಮೇಲೆ ರುಕ್ಮಿಣಿಬಾಯಿಯ ಬಲ ಎದೆಯಲ್ಲಿ ಗಂಟು ಸಿಕ್ಕಿತು. ಆಸ್ಪತ್ರೆಯಲ್ಲಿ ಆ ಎದೆಯನ್ನೇ ತೆಗೆದರು. ಔಷಧಕ್ಕೆ ಉದುರಿದ ಕೂದಲು ಮತ್ತೆ ಹುಟ್ಟಿ ಬಾಚಣಿಗೆಗೆ ಸಿಗುವಷ್ಟಾದಾಗ ಡಾಕ್ಟರಮ್ಮ, ಬೇಕಾದರೆ ಇನ್ನೊಂದು ಆಪರೇಷನ್ ಮಾಡಿ ಹೋದದ್ದನ್ನು ಕಟ್ಟಿಕೊಡಬಹುದು ಎಂದರು.

"ಬ್ಯಾಡ್ರಿ ಬಾಯಿ," ಎಂದಳು ರುಕ್ಮಿಣಿಬಾಯಿ. "ಕೊಯ್ಸಿಕೊಂಡಿದ್ದು ಸಾಕಾಗ್ಯಾದ. ಉಳಿದಷ್ಟು ಮೈ ಸಾಕು ನನಗ."

ಪಕ್ಕದಲ್ಲಿ ಕೂತಿದ್ದ ಸಾಯಬಣ್ಣನಿಗೂ ಬೇಡವೆಂದೇ ಇತ್ತು. ಆದರೂ ತನ್ನ ಕಡೆ ಒಮ್ಮೆ ತಿರುಗಿ ನೋಡಿದ್ದರೆ ಅವಳದೇನು ಹೋಗುತ್ತಿತ್ತು? ಡಾಕ್ಟರಮ್ಮ ಆ ಗಾಯ ನೋಡಿದ್ದಾಳೆ, ನರ್ಸುಗಳು ನೋಡಿದ್ದಾರೆ, ಪಟ್ಟಿ ಬಿಚ್ಚುವಾಗ ರಂಜನಾಳೂ ನೋಡಿದ್ದಾಳೆ. ನೋಡದೆ ಉಳಿದವನು ತಾನೊಬ್ಬನೇ. ಮನೆಗೆ ಬಂದಮೇಲೆ ರುಕ್ಮಿಣಿಬಾಯಿ ಬಚ್ಚಲಿನ ಪರದೆ ಎಳೆದುಕೊಂಡೇ ಸೀರೆ ಉಡುತ್ತಿದ್ದಳು. ಹೊರಗೆ ಬರುವಾಗ ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಬಲಗಡೆ ಹೊದ್ದು, ಅದರ ಅಂಚನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದಿರುತ್ತಿದ್ದಳು. ಆ ಕೈ ಬೇರೆ ಕೆಲಸಕ್ಕೆ ಬರುವಂತಿರಲಿಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಚಹದ ಬಟ್ಟಲನ್ನು ಕೆಳಗಿಟ್ಟು ಮೊದಲು ಸೆರಗು ಹಿಡಿಯುತ್ತಿದ್ದಳು.

ಹೋಟೆಲಿನಿಂದ ಕೆಲಸಕ್ಕೆ ಬಾ ಎಂದು ಕರೆ ಬಂತು. "ಹಿಂಗ ಹ್ಯಾಂಗ ಹೋಗಲಿ?" ಎಂದು ಅವಳು ಕೂತಳು.

ಆಗ ಸಾಯಬಣ್ಣನಿಗೆ ಹುರುಪು ಬಂತು. ಅರ್ಧ ಮುಂಬೈಗೆ ದಿಂಬು ತುಂಬಿದ ಕೈಗೆ ಇದೊಂದು ತುಂಬಲು ಬಾರದೇ? ಕಾರ್ಖಾನೆಯಲ್ಲಿ ಒಳ್ಳೆಯ ಹತ್ತಿ ಆರಿಸಿ, ಕೈಯಿಂದಲೇ ಹಿಂಜಿ, ಹಳದಿ ಜಂಪರನ್ನು ಎದುರಿಗೆ ಹರವಿಕೊಂಡು, ಎಡಕ್ಕೆ ಬಲ ಸರಿಸಮ ಆಗುವಂತೆ ಒಂದು ದುಂಡನೆಯ ದಿಂಬು ಹೊಲಿದ. ಮೇಲೆ ಕೆಂಪು ಮಲಮಲ್ ಬಟ್ಟೆ. ತಂದು ಅವಳ ಕೈಗಿಟ್ಟು, "ಇಟ್ಟುಕೊಂಡು ಹೋಗು. ಯಾವ ಮಗನಿಗೂ ಗೊತ್ತಾಗಂಗಿಲ್ಲ," ಎಂದ.

ಇಟ್ಟುಕೊಂಡು ಹೋದಳು. ಸಂಜೆ ಬಂದವಳೇ ದಿಂಬನ್ನು ತೆಗೆದು ಅಟ್ಟದ ಮೇಲೆ ಎಸೆದಳು.

"ಏನಾತು?"

"ಏನಾಗ್ತದ? ಗದ್ದಲದಾಗ ಕೈ ಎತ್ತಿದೆ, ಹತ್ತಿಗಿ ತೂಕ ಅದೇನು, ಮ್ಯಾಲ ಬಂತು. ಕುರ್ಲಾ ಗಾಡಿ ತುಂಬ ಹೆಣ್ಮಕ್ಕಳು. ಒಬ್ಬಾಕಿ ಮರಾಠಿ ಬಾಯಿ, ಮೌಶಿ, ನಿಮ್ಮ ಕುತ್ತಿಗಿಗಿ ಬಾವು ಬಂದದ ನೋಡ್ರಿ ಅಂದಳು."

ಪಕ್ಕದ ಖೋಲಿಯಿಂದ ರಂಜನಾ ನಕ್ಕಿದ್ದು ಕೇಳಿಸಿತು. ಸಾಯಬಣ್ಣ ಗೋಡೆಗೆ ಗುದ್ದಿದ.

ಅವನು ಬಿಡಲಿಲ್ಲ. ಇನ್ನಷ್ಟು ಒತ್ತಿ ತುಂಬಿದ. ಕಲ್ಲಾಯಿತು. ಲಾಡಿ ಹಚ್ಚಿ ಬೆನ್ನಿಗೆ ಕಟ್ಟಿಕೋ ಎಂದ. ಅಡುಗೆಮನೆಯ ಸೆಕೆಗೆ ಲಾಡಿಯ ಕೆಳಗೆ ಬೆವರುಸಾಲೆ ಎದ್ದಿತು, ಗಾಯದ ಅಂಚು ಕೆಂಪಾಯಿತು. ಅವನು ಪ್ರತಿ ಸಲ ಕೇಳಿದ್ದು ಒಂದೇ ಮಾತು: "ಸರಿ ಕಾಣ್ತದಿಲ್ಲೋ?" ಅವಳು, "ಕಾಣ್ತದ," ಎನ್ನುತ್ತಿದ್ದಳು. ಎಡಗೈ ಮಾತ್ರ ಸೆರಗು ಬಿಟ್ಟಿರಲಿಲ್ಲ.

ಒಂದು ದಿನ ಸಾಯಬಣ್ಣ ಕೆಲಸದಿಂದ ಬಂದಾಗ ರಂಜನಾ ಬಾಗಿಲಲ್ಲೇ ತಡೆದಳು. ಅವಳಿಗೆ ಇಂಥ ಸುದ್ದಿ ಬಾಯಲ್ಲಿ ನಿಲ್ಲುವುದಿಲ್ಲ.

"ಅಣ್ಣಾ, ವೈನಿ ಇವತ್ತ ಟೇಲರ್ ಅಂಗಡ್ಯಾಗ ಅಳತಿ ಕೊಡ್ಲತ್ತಿದ್ದಳು."

"ಕೊಡ್ತಾಳ. ಅಳತಿ ಜಂಪರ್ ಕೊಟ್ಟಿರಬೇಕು."

"ಜಂಪರ್ ಅಲ್ಲೋ ಮಾರಾಯಾ. ಟೇಪ್!"

ಸಾಯಬಣ್ಣ ಚಪ್ಪಲಿ ಕಳೆಯದೇ ಒಳಗೆ ನುಗ್ಗಿದ. ರುಕ್ಮಿಣಿಬಾಯಿ ಮೆಂತ್ಯ ಸೋಸುತ್ತಿದ್ದಳು.

"ಅಳತಿ ಜಂಪರ್ ಸತ್ತಿತ್ತೇನು? ಟೇಪ್ ಹಿಡಿಸಿಕೊಂಡು ಬಂದಿಯಂತ!"

"ಆ ಜಂಪರ್ ಮೊದಲಿನ ರುಕ್ಮಿದು ಅದ. ಈಗಿನಾಕಿ ಅಳತಿ ಅದರಾಗ ಎಲ್ಲಿ ಹುಡುಕ್ಲಿ?"

"ಮುಟ್ಟಿದನೇನು?"

"ಬಾಯಿ ಸಣ್ಣಂದು ಮಾಡ್ರಿ, ತಂಗಿ ಗ್ವಾಡಿಗಿ ಕಿವಿ ಹಚ್ಯಾಳ. ಟೇಪ್ ನನ್ನ ಕೈಯಾಗೇ ಕೊಟ್ಟರು. ಪರದೆ ಹಿಂದ ನಾನೇ ಹಿಡಕೊಂಡು ನಂಬರ್ ಹೇಳ್ದೆ. ಟೇಲರ್ ಕಾಕಾ ಬರಕೊಂಡ್ರು."

ಸಾಯಬಣ್ಣನ ಉಸಿರು ಕೊಂಚ ಕೆಳಗಿಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

"ಮತ್ತೇನೂ ಕೇಳಲಿಲ್ಲಲ್ಲ?"

"ಕೇಳಿದ್ರು. ಎಲ್ಲಿ ನೋಯ್ತದ ಅಂತ ಕೇಳಿದ್ರು." ರುಕ್ಮಿಣಿಬಾಯಿ ಸೊಪ್ಪಿನ ಕಡ್ಡಿಯನ್ನು ಮುರಿದಳು. "ಸೀಮೆಸುಣ್ಣ ಕೊಟ್ಟು, ನೋಯೋ ಜಾಗಕ್ಕ ಬನಿಯನ್ ಮ್ಯಾಲ ನೀವೇ ಗೆರಿ ಹಾಕ್ರಿ, ಆ ಗೆರಿ ಮ್ಯಾಲ ನಾ ಹೊಲಿಗಿ ಬರಗೊಡಲ್ಲ ಅಂದ್ರು. ಹಾಕಿದೆ. ಬನಿಯನ್ ಅಲ್ಲೇ ಕೊಟ್ಟು ಬಂದೆ."

ಮುಟ್ಟಿದ್ದರೆ ಹೋಗಿ ಎರಡು ಬಿಟ್ಟು ಬರಬಹುದಿತ್ತು. ಇದಕ್ಕೆ ಯಾರನ್ನು ಹೊಡೆಯುವುದು? ಸಾಯಬಣ್ಣನಿಗೆ ಆ ಸೀಮೆಸುಣ್ಣದ ಮೇಲೆ ಹೊಟ್ಟೆ ಉರಿಯಿತು. ಆ ಬನಿಯನ್ನಿನ ಮೇಲೆ ಉರಿಯಿತು. ತನ್ನ ಹೆಂಡತಿಗೆ ಎಲ್ಲೆಲ್ಲಿ ನೋಯುತ್ತದೆ ಎನ್ನುವುದು ಈಗ ಬಿಳಿ ಗೆರೆಗಳಾಗಿ ಅಣ್ಣುವಿನ ಅಂಗಡಿಯ ಗೂಟಕ್ಕೆ ನೇತಾಡುತ್ತಿದೆ, ತನ್ನ ಮನೆಯಲ್ಲಿ ಮಾತ್ರ ಇಲ್ಲ.

ಜಂಪರು ಬಂತು. ಟ್ರಂಕಿನಲ್ಲಿದ್ದ ಉಡಿ ತುಂಬಿದ ಖಣಗಳಲ್ಲೊಂದು, ಗಿಳಿಹಸಿರು ಬಣ್ಣದ್ದು. ಸಾಯಬಣ್ಣ ಕಳ್ಳನ ಹಾಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ತಪ್ಪು ಹುಡುಕಲೆಂದೇ ನೋಡಿದ. ಎಡಗಡೆ ಅಣ್ಣು ಎಂದಿನಂತೆ ಬಟ್ಟೆ ಮಡಿಚಿ ಚಿಮಟಿಗೆ ಕೊಟ್ಟು ಉಬ್ಬು ಬಿಟ್ಟಿದ್ದ. ಬಲಗಡೆ ಉಬ್ಬೇ ಇಲ್ಲ, ಬಟ್ಟೆ ಅಂಗೈಯಂತೆ ಸಪಾಟು, ಸುಕ್ಕಿಲ್ಲ, ಜೋಲಿಲ್ಲ. ಒಳಗೆ ತೊಳೆದು ಮೆತ್ತಗಾದ ಹಳೆಯ ಧೋತರದ ಅಸ್ತರಿ. ಗಾಯ ಇರುವ ಕಡೆ ಒಂದು ಹೊಲಿಗೆಯೂ ಹಾದುಹೋಗಿರಲಿಲ್ಲ. ಕೈ ಎತ್ತಲು ಕಷ್ಟವೆಂದು ಹುಕ್ಕು ಮುಂದೆ. ಬಾವು ಬರುವ ಬಲತೋಳಿಗೆ ಕಂಕುಳಲ್ಲಿ ಸಡಿಲ. ಕೊರಳು ಸ್ವಲ್ಪ ಮೇಲೆ. ತಪ್ಪು ಸಿಗಲಿಲ್ಲ. ಸಿಗದಿದ್ದುದಕ್ಕೆ ಇನ್ನಷ್ಟು ಉರಿಯಿತು. ಒಂದು ಕಡೆ ಉಬ್ಬು, ಒಂದು ಕಡೆ ಬಯಲು! ಲೋಕ ನೋಡಲಿ ಎಂದು ಹೊಲಿದ ಹಾಗಿದೆಯಲ್ಲ!

"ಇದನ್ನು ತೊಟ್ಟು ಹೊರಗ ಹೋಗ್ತಿ?"

"ಹೋಗ್ತೀನಿ."

ಮರುದಿನ ಸಾಯಬಣ್ಣ ಬೈಕುಲ್ಲಾದ ಬಸ್ಸು ಬಿಟ್ಟು ಹೆಂಡತಿಯ ಹಿಂದೆ ವಡಾಲ ಸ್ಟೇಷನ್ನಿಗೆ ನಡೆದ. ಯಾರಾದರೂ ಕಣ್ಣು ಹಾಕಿದರೆ, ಯಾರಾದರೂ ಬಾಯಿ ಬಿಟ್ಟರೆ, ಅವಳು ತಿರುಗಿ ನೋಡುತ್ತಾಳೆ, ತಾನಿರುತ್ತೇನೆ ಎಂದು ಅವನ ಲೆಕ್ಕ. ಲೇಡೀಸ್ ಡಬ್ಬಿ ನಿಲ್ಲುವ ಜಾಗದಿಂದ ಸ್ವಲ್ಪ ದೂರ ಒಂದು ಕಂಬದ ಮರೆಗೆ ನಿಂತ. ಗಾಡಿ ಬಂತು. ಹೆಂಗಸರ ನೂಕುನುಗ್ಗಲಿನಲ್ಲಿ ಗಿಳಿಹಸಿರು ಜಂಪರು ಹತ್ತಿತು.

ಸೆರಗು ಎಡಭುಜದ ಮೇಲೆ ಪಿನ್ನಿಗೆ ಸಿಕ್ಕಿಕೊಂಡು ಬೆನ್ನ ಹಿಂದೆ ಇಳಿದಿತ್ತು, ಎಲ್ಲರ ಹಾಗೆ. ಬಲಗಡೆ ತೆರೆದೇ ಇತ್ತು. ರುಕ್ಮಿಣಿಬಾಯಿಯ ಎಡಗೈ ಮೇಲೆ ಹೋಗಿ ಹಿಡಿಕೆ ಹಿಡಿದಿತ್ತು. ಬಲಗೈಯಲ್ಲಿ ಊಟದ ಚೀಲ. ಪಕ್ಕದವಳೊಬ್ಬಳು ಜಂಪರಿನ ತೋಳು ಮುಟ್ಟಿ ಏನೋ ಕೇಳಿದಳು, ಬಣ್ಣವನ್ನೇ ಕೇಳಿರಬೇಕು. ರುಕ್ಮಿಣಿಬಾಯಿ ಹಲ್ಲು ಕಾಣುವಂತೆ ನಕ್ಕಳು. ಆಸ್ಪತ್ರೆಗೆ ಹೋದ ಮೇಲೆ ಮನೆಯಲ್ಲಿ ಆ ನಗು ಕಂಡಿರಲಿಲ್ಲ. ಗಾಡಿ ಹೊರಟಿತು. ಯಾರೂ ಕಣ್ಣು ಹಾಕಲಿಲ್ಲ, ಬಾಯಿ ಬಿಡಲಿಲ್ಲ. ಅವಳು ಹಿಂತಿರುಗಿಯೂ ನೋಡಲಿಲ್ಲ.

ಕಂಬದ ಮರೆಯಲ್ಲಿ ಸಾಯಬಣ್ಣನಿಗೆ ಆ ಡಬ್ಬಿಯ ಹೆಂಗಸರೆಲ್ಲರ ಮೇಲೆ ಹೊಟ್ಟೆಕಿಚ್ಚಾಯಿತು. ಅವರ ಮೇಲೆ ಕೂಗಲು ಬರುವುದಿಲ್ಲ. ಅಣ್ಣುವಿನ ಮೇಲೆ ಬರುತ್ತದೆ. ನೆಟ್ಟಗೆ ಅಂಗಡಿಗೆ ಬಂದ.

ಏನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅಂಗಡಿಯೊಳಗೆ ಕಣ್ಣು ಬಿದ್ದದ್ದೇ ಎಲ್ಲ ಮರೆತುಹೋಯಿತು. ಮಷೀನಿನ ಪಕ್ಕದಲ್ಲಿ ಕೆಂಪು ಮಲಮಲ್ಲಿನ ದುಂಡನೆಯ ದಿಂಬು. ಮೈತುಂಬ ಪಿನ್ನು, ಸೂಜಿ ಚುಚ್ಚಿಕೊಂಡು ಮುಳ್ಳುಹಂದಿಯ ಹಾಗೆ ಕೂತಿತ್ತು.

"ಏ ಟೇಲರ್! ಏನದು?"

ಅಣ್ಣು ಕನ್ನಡಕದ ಮೇಲಿಂದ ನೋಡಿದ. "ಎಂಥದು ಮಾರಾಯ್ರೇ? ಪಿನ್ನು ಚುಚ್ಚಿಡುವುದು."

"ಅದು ನಾ ತುಂಬಿದ್ದು!"

"ಗೊತ್ತುಂಟು. ಟ್ರಯಲ್ ನೋಡ್ಲಿಕ್ಕೆ ಬಂದ ದಿನ ರುಕ್ಮಿಣಿಯಕ್ಕ ಇಲ್ಲಿ ಬಿಟ್ಟುಹೋದ್ರು. ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ, ನೀವೇ ಇಟ್ಕೊಳ್ಳಿ ಅಂದ್ರು. ಒಳ್ಳೇ ಮಾಲು. ಇಷ್ಟು ಚುಚ್ಚಿದ್ರೂ ಒಂಚೂರು ಕುಸಿಯಲಿಲ್ಲ ನೋಡಿ."

ಸಾಯಬಣ್ಣ ಕೈ ಹಾಕಿ ಕಸಿದುಕೊಂಡ. ಪಿನ್ನು ಹೆಬ್ಬೆರಳಿಗೆ ಇಳಿಯಿತು. ದಿಂಬು ಕೈಬಿಟ್ಟು ಉರುಳಿತು. ಎದುರಿನ ಚಹದಂಗಡಿಯವರು ನಕ್ಕರು.

"ನಿಧಾನ ಮಾರಾಯ್ರೇ, ತುಂಬಿದವರಿಗೇ ಚುಚ್ಚಿತಲ್ಲ!" ಅಣ್ಣು ಎದ್ದು ದಿಂಬನ್ನು ಎತ್ತಿ ಮತ್ತೆ ಅದರ ಜಾಗಕ್ಕಿಟ್ಟ. ಒಂದು ಕೈ ಸೊಂಟದ ಮೇಲಿತ್ತು. "ನೀವು ಬಂದದ್ದು ಒಳ್ಳೇದಾಯ್ತು. ಆ ರವಿಕೆಗೆ ನಾನು ಕೂಲಿ ತಗೊಳ್ಳಲಿಲ್ಲ. ಬದಲಿಗೆ ಈ ಸ್ಟೂಲಿಗೆ ನಿಮ್ಮ ಕೈಯಿಂದ ಒಂದು ದಿಂಬು ಅಂತ ಮಾತಾಗಿದೆ. ಹಲಗೆ ಮೇಲೆ ಕೂತು ಕೂತು ನನ್ನ ನಡು ಹೋಯ್ತು."

"ನನ್ನ ಕೈ ಬಗ್ಗೆ ಮಾತು ಕೊಟ್ಟವರು ಯಾರು?"

"ಅದನ್ನು ಮನೆಯಲ್ಲಿ ಕೇಳಿ. ನನ್ನ ಹತ್ರ ಎಂತಕ್ಕೆ?"

ಸಂಜೆ ಮನೆಯಲ್ಲಿ ಕೇಳಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೇಳಿದ.

"ಹೌದು, ನಾನೇ ಕೊಟ್ಟೀನಿ," ಎಂದಳು ರುಕ್ಮಿಣಿಬಾಯಿ. "ನನ್ನ ಗಂಡ ತುಂಬಿದ್ದು ಕುಸಿಯಂಗಿಲ್ಲ ಅಂತ ಹೇಳ್ದೆ. ಸುಳ್ಳೇನು?"

ಸಾಯಬಣ್ಣ ಗೋಡೆಗೆ ಒರಗಿ ಕೂತ. ಬೆರಳಿನ ಬಟ್ಟೆಯನ್ನು ಬಿಚ್ಚಿದ, ಸುತ್ತಿದ. ಆಮೇಲೆ, ಬೈಯುವ ದನಿಯಲ್ಲೇ, "ಎಲ್ಲಿ ನೋಯ್ತದ?" ಎಂದ.

ಅವಳು ಕೈಯಲ್ಲಿದ್ದ ಲಟ್ಟಣಿಗೆ ನಿಲ್ಲಿಸಿದಳು. "ಈಗ ಕೇಳ್ಲತ್ತೀರೇನು?"

"ಟೇಲರಗ ಹೇಳ್ದಿ. ನನಗೂ ಹೇಳು."

"ಹೊಟ್ಟಿಕಿಚ್ಚಿಗಿ ಕೇಳ್ಲತ್ತೀರೋ, ಮನಸ್ಸಿಂದ ಕೇಳ್ಲತ್ತೀರೋ?"

"ಎರಡೂ ಕೂಡಿಸಿ ಕೇಳ್ಲತ್ತೀನಿ. ಹೇಳ್ತಿಯೋ ಇಲ್ಲೋ?"

ರುಕ್ಮಿಣಿಬಾಯಿ ನಕ್ಕಳು. ಗಾಡಿಯಲ್ಲಿ ಕಂಡಿದ್ದ ನಗುವೇ. ಹಿಟ್ಟಿನ ಕೈಯನ್ನು ತೊಳೆದುಕೊಂಡು ಬಂದು ಬಾಗಿಲ ಚಿಲಕ ಹಾಕಿದಳು. ಬಚ್ಚಲಿನ ಪರದೆ ಎಳೆಯಲಿಲ್ಲ. ಜಂಪರಿನ ಹುಕ್ಕು ಬಿಚ್ಚಿ, ಅವನ ಬೆರಳು ಹಿಡಿದು ಒಂದೊಂದೇ ಜಾಗದ ಮೇಲಿಟ್ಟಳು. ಇಲ್ಲಿ ಜೋಮು. ಇಲ್ಲಿ ಚಳುಕು. ಇಲ್ಲಿ, ಕಂಕುಳ ಕೆಳಗೆ, ಮಲಗಿದಾಗ ತೋಳು ಕೆಳಗೆ ಬಿದ್ದರೆ ಜಗ್ಗುತ್ತದೆ, ನಿದ್ದೆ ಬರುವುದಿಲ್ಲ.

ಸಾಯಬಣ್ಣ ಇನ್ನೊಂದು ದಿಂಬು ಹೊಲಿದ. ಈ ಸಲ ಒತ್ತಿ ತುಂಬಲಿಲ್ಲ. ಸಣ್ಣದು, ಚಪ್ಪಟೆ, ಕಂಕುಳ ಕೆಳಗೆ ಇಟ್ಟುಕೊಂಡು ಮಲಗುವುದಕ್ಕೆ. ಅವಳು ಈಗಲೂ ಅದನ್ನಿಟ್ಟುಕೊಂಡೇ ಮಲಗುತ್ತಾಳೆ. ಹಗಲು ಅದು ಗಾದಿಯ ಮಡಿಕೆಯೊಳಗೆ ಇರುತ್ತದೆ. ಅದರ ವಿಷಯ ಅಣ್ಣುವಿಗೆ ಗೊತ್ತಿಲ್ಲ, ಗೊತ್ತಾಗಕೂಡದು ಎಂದು ರಂಜನಾಳಿಗೂ ತಾಕೀತಾಗಿದೆ.

ಹಳದಿ ಜಂಪರು ಈಗ ಒಲೆ ಒರೆಸುವ ಬಟ್ಟೆ. ಅಳತೆಗೆ ಹೋಗುವುದು ಗಿಳಿಹಸಿರಿನದು. ಚೀಲ ಒಯ್ಯುವವನು ಮತ್ತೆ ಸಾಯಬಣ್ಣನೇ. ಇನ್ನು ಟೇಪಿನ ಕೆಲಸವಿಲ್ಲ ಎನ್ನುವುದಷ್ಟೇ ಅವನಿಗೆ ಸಮಾಧಾನ. ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಹೊರಗಿನಿಂದಲೇ ಚೀಲ ಚಾಚುತ್ತಾನೆ. ಕೆಂಪು ದಿಂಬಿನ ಕಡೆ ನೋಡುವುದಿಲ್ಲ, ನೋಡದೆಯೂ ಇರುವುದಿಲ್ಲ. ಅಣ್ಣು ಹಲಗೆಯ ಸ್ಟೂಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ಜರುಗಿ ಕೂರುತ್ತಾನೆ.

"ನನ್ನ ದಿಂಬು ಎಂತಾಯ್ತು ಮಾರಾಯ್ರೇ?"

ಸ್ಟೂಲಿನ ಅಳತೆಗೆ ಬಟ್ಟೆ ಕತ್ತರಿಸಿ ಕಾರ್ಖಾನೆಯಲ್ಲಿ ಮಡಿಚಿಟ್ಟು ಎಷ್ಟೋ ಕಾಲವಾಗಿದೆ.

"ಹತ್ತಿ ಇನ್ನೂ ಒಣಗಿಲ್ಲ," ಎನ್ನುತ್ತಾನೆ ಸಾಯಬಣ್ಣ. ಮಳೆಗಾಲದಲ್ಲಿ ಹಾಗೆಂದಿದ್ದ. ದೀಪಾವಳಿಗೂ ಹಾಗೇ ಅಂದ. ಮೊನ್ನೆ, ಮೇ ತಿಂಗಳ ಬಿಸಿಲಿನಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಲೇ, ಮತ್ತೆ ಅದನ್ನೇ ಅಂದ.