ಅನಿರ್ದಿಷ್ಟಾವಧಿಗೆ ಕಾದ ಕಿವಿ

ಅವರ ಎರಡೂ ಕಿವಿಗಳಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಬೆಳಿಗ್ಗೆ ಪಾಳಿಗೆ ಬರುವಾಗ ಬೆಳ್ಳಗಿದ್ದದ್ದು ಊಟದ ಹೊತ್ತಿಗೆ ಇಟ್ಟಂಗಿ ಬಣ್ಣಕ್ಕೆ ತಿರುಗಿ, ಸಂಜೆ ತೆಗೆದು ಎಸೆಯುವಾಗ ಕುಂಕುಮದಲ್ಲಿ ಅದ್ದಿದಂತೆ ಕಾಣುತ್ತಿತ್ತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರು ಪುಡಿ ಮಾಡುವ ಒಂದು ಕ್ರಷರ್ ಇತ್ತು. ಅವರು ಅಲ್ಲಿ ಫೋರ್ಮನ್. ನಾನು ಲಾರಿ ತೂಗುವಲ್ಲಿ ಕಂಪ್ಯೂಟರ್ ಆಪರೇಟರ್. ಕಂಪ್ಲಿಯಿಂದ ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ‘ಯವ್ವಾ’ ಎನ್ನುತ್ತಿದ್ದರು.

ಆಗ ಅದಿರಿನ ಭರಾಟೆ ಏರುತ್ತಿದ್ದ ಕಾಲ. ರಸ್ತೆ ಕಾಣದಷ್ಟು ಲಾರಿಗಳು. ಕ್ರಷರ್ ನಿಲ್ಲುತ್ತಿದ್ದದ್ದು ಮಧ್ಯಾಹ್ನ ಗ್ರೀಸ್ ಹಾಕುವ ಅರ್ಧ ಗಂಟೆ ಮಾತ್ರ. ನನ್ನ ಕೋಣೆ ಕ್ರಷರಿನ ಗೋಡೆಗೇ ಅಂಟಿಕೊಂಡಿತ್ತು. ಗೋಡೆಗೆ ಬೆನ್ನು ಹಚ್ಚಿ ಕುಳಿತರೆ ಹಲ್ಲು ನಡುಗುತ್ತಿದ್ದವು. ಮನೆಗೆ ಹೋದ ಮೇಲೂ ನಾನು ಜೋರಾಗಿಯೇ ಮಾತಾಡುತ್ತಿದ್ದೆ. ‘ಯಾರ ಜೋಡಿ ಜಗಳಕ್ಕ ನಿಂತೀದಿ?’ ಎಂದು ಅವ್ವ ಬಯ್ಯುತ್ತಿದ್ದಳು.

ಆ ಅರ್ಧ ಗಂಟೆಯಲ್ಲಿ ಫೋರ್ಮನ್ನರು ನನ್ನ ಕೋಣೆಗೆ ಬಂದು ಕಿವಿಯ ಹತ್ತಿ ತೆಗೆದು ಮೇಜಿನ ಮೇಲಿಡುತ್ತಿದ್ದರು. ಬುತ್ತಿ ಬಿಚ್ಚುವ ಮೊದಲು ಟೇಪ್ ರಿಕಾರ್ಡರ್ ಹಚ್ಚುತ್ತಿದ್ದರು. ಅದರಲ್ಲಿ ಬರುತ್ತಿದ್ದದ್ದು ಇಪ್ಪತ್ತೆರಡು ನಿಮಿಷದ ಒಂದು ಇಂಗ್ಲಿಷ್ ಹಾಡು. ಮೊದಲ ದಿನ ನನಗೆ ತಲೆನೋವು ಬಂತು. ಗಿಟಾರು ಒಂದು ಕಡೆ ಹೋದರೆ ಡ್ರಮ್ಮು ಇನ್ನೊಂದು ಕಡೆ. ಹಾಡುವವನಂತೂ ಹತ್ತು ನಿಮಿಷ ನಾಪತ್ತೆ.

‘ಕಾಕಾ, ಇದು ಯಾವಾಗ ಮುಗೀತೈತ್ರಿ?’ ಎಂದೆ.

‘ಮುಗಿಯೋದು ಯಾಕ ಬೇಕು ನಿನಗ? ಎಣಿಸು. ತಕಿಟ ತಕಧಿಮಿ, ತಕಿಟ ತಕಧಿಮಿ. ಏಳು ಬರ್ತೈತೋ ಇಲ್ಲೋ ನೋಡು.’

ಬಂತು. ಅವರು ತಮ್ಮ ಓಣಿಯ ಮಠದ ಭಜನೆಯಲ್ಲಿ ಇಪ್ಪತ್ತು ವರ್ಷ ತಾಳ ಹಾಕಿದವರು. ಹಿಂದೆ ಎಂದೋ ಹಂಪಿಯ ದಾರಿಯಲ್ಲಿ ಒಬ್ಬ ಪರದೇಶಿ ಹುಡುಗನ ಬಾಡಿಗೆ ಬೈಕಿನ ಚೈನು ಹರಿದಿತ್ತಂತೆ. ಇವರು ರಿಪೇರಿ ಮಾಡಿ ದುಡ್ಡು ಬೇಡವೆಂದಾಗ ಅವನು ನಾಲ್ಕು ಕ್ಯಾಸೆಟ್ ಕೊಟ್ಟು ಹೋದ. ಮೊದಲು ಟೇಪು ಸಿಕ್ಕಿಕೊಂಡಿದೆ ಎಂದು ಬಿಚ್ಚಿ ನೋಡಿದರಂತೆ. ಎಣಿಸಿದ ಮೇಲೆ ಗೊತ್ತಾಯಿತು, ಅದು ಇರುವುದೇ ಹಾಗೆ. ‘ಇವ್ರು ನಮ್ಮ ಭಜನಿ ಮಂದೀನ. ತಪ್ಪಿ ಅಲ್ಲಿ ಹುಟ್ಟ್ಯಾರ’ ಎನ್ನುತ್ತಿದ್ದರು. ಆ ತಂಡಕ್ಕೆ ಅವರಿಟ್ಟ ಹೆಸರು ‘ಮೇಳ’. ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ ಎಂದು ನಮಗೆ ಆಮೇಲೆ ಹೊಸಪೇಟೆಯ ಸೈಬರ್ ಸೆಂಟರಿನವನು ಹೇಳಿದ. ಅವನೂ ಆ ಮೇಳದ ಅಭಿಮಾನಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾನೂ ಆಗಿದ್ದೆ. ಕಂಪ್ಲಿ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಏಳು ಎಣಿಸುತ್ತ ಕುಳಿತಿರುತ್ತಿದ್ದೆ.

ಭಾನುವಾರ ಭಾನುವಾರ ನಾವು ಮೂವರೂ ಸೈಬರ್ ಸೆಂಟರಿನಲ್ಲಿ ಸೇರುತ್ತಿದ್ದೆವು. ಮೇಳದವರ ಹೊಸ ಆಲ್ಬಮ್ ಬರುವುದಿತ್ತು. ಆದರೆ ಒಂದು ಭಾನುವಾರ ಅವರ ವೆಬ್‌ಸೈಟಿನಲ್ಲಿ ಹಾಡಿನ ಬದಲು ನಾಲ್ಕು ಸಾಲಿನ ಹೇಳಿಕೆ ಇತ್ತು. ನಾನು ಡಿಕ್ಷನರಿ ತೆರೆದಿಟ್ಟುಕೊಂಡು ಕನ್ನಡ ಮಾಡಿ ಓದಿದೆ: ತಂಡವು ಅನಿರ್ದಿಷ್ಟಾವಧಿಗೆ ವಿರಾಮ ತೆಗೆದುಕೊಳ್ಳುತ್ತಿದೆ.

ಸೈಬರಿನವನ ಮುಖ ಸಣ್ಣದಾಯಿತು. ಫೋರ್ಮನ್ನರು ಮಾತ್ರ ಕುರ್ಚಿಗೆ ಒರಗಿ ನಕ್ಕರು.

‘ಅನಿರ್ದಿಷ್ಟಾವಧಿ ಅಂದ್ರ ನಾಕ್ ದಿನ. ನಾ ಎಷ್ಟ ಕೂತೀನಿ ಅನಿರ್ದಿಷ್ಟಾವಧಿ. ಐದನೇ ದಿನ ಯಾರರೆ ಲಿಂಬಿ ಶರಬತ್ತು ತಂದು ಕುಡಸ್ತಾರ, ಎದ್ದು ಕೆಲಸಕ್ಕ ಹೋಗೋದು.’

ಅವರು ಕ್ರಷರಿಗೆ ಬರುವ ಮುಂಚೆ ಒಂದು ಕಾರ್ಖಾನೆಯಲ್ಲಿದ್ದರು. ಅದು ಮುಚ್ಚುವವರೆಗೂ ಯೂನಿಯನ್ನಿನ ಕಾರ್ಯದರ್ಶಿ. ಅನಿರ್ದಿಷ್ಟಾವಧಿ ಎಂಬ ಶಬ್ದ ಅವರಿಗೆ ಗೊತ್ತಿದ್ದದ್ದು ಮುಷ್ಕರದ ಬ್ಯಾನರಿನ ಮೇಲೆ ಮಾತ್ರ. ಹಾಗಾಗಿ ಮೇಳದವರು ಮುಷ್ಕರ ಹೂಡಿದ್ದಾರೆ ಎಂದೇ ಅವರು ತಿಳಿದರು. ಬೇಡಿಕೆ ಏನಿರಬಹುದು, ರಾಜಿ ಮಾಡಿಸುವವರು ಯಾರು, ಇಷ್ಟೇ ಅವರ ಯೋಚನೆ. ಅಭಿಮಾನಿಗಳು ಬರೆಯುವ ಪುಟಗಳಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಹಾಡುವವನಿಗೆ ಕಾಯಿಲೆ, ಡ್ರಮ್ಮಿನವನು ಜಗಳವಾಡಿ ಬಿಟ್ಟುಹೋದ, ಎಲ್ಲ ಮುಗಿಯಿತು. ನಾನು ಓದಿ ಹೇಳಿದರೆ, ‘ಅದು ಮ್ಯಾನೇಜ್‌ಮೆಂಟಿನವರು ಬಿಟ್ಟ ಸುದ್ದಿ, ನಂಬಬ್ಯಾಡ’ ಎನ್ನುತ್ತಿದ್ದರು.

ನಾಲ್ಕು ದಿನ ಹೋಯಿತು, ನಾಲ್ಕು ವಾರವೂ ಹೋಯಿತು. ಆಗ ಫೋರ್ಮನ್ನರು ಮನವಿ ಪತ್ರ ಕೊಡೋಣ ಎಂದರು. ಗೆರೆ ಹಾಕಿದ ಹಾಳೆಯಲ್ಲಿ, ತಹಶೀಲ್ದಾರರಿಗೆ ಬರೆಯುವ ಕ್ರಮದಲ್ಲಿಯೇ ಬರೆದರು. ಇಂದ, ಗೆ, ಮಾನ್ಯರೆ, ವಿಷಯ: ಹಾಡುವುದನ್ನು ಪುನಃ ಆರಂಭಿಸುವ ಕುರಿತು. ಕೆಳಗೆ ನಾವು ಮೂವರು, ಸೈಬರಿನವನ ಪರಿಚಯದ ಹಂಪಿಯ ಒಬ್ಬ ಅಡಿಗೆಯವನು, ಮತ್ತೆ ಬಲ ಕಾಣಲಿ ಎಂದು ಫೋರ್ಮನ್ನರ ಹೆಂಡತಿಯ ಸಹಿ. ‘ಎದಕ್ಕ ಇದು, ರೇಷನ್ ಕಾರ್ಡಿಗೇನು?’ ಎಂದು ಕೇಳುತ್ತಲೇ ಚಿಗವ್ವ ಸಹಿ ಮಾಡಿದಳು. ನಾನು ಅದನ್ನು ನನ್ನ ಮುರುಕು ಇಂಗ್ಲಿಷಿಗೆ ತಿರುಗಿಸಿ ಮೇಲ್ ಮಾಡಿದೆ. ಕಳಿಸಿದ ಕೂಡಲೇ ಉತ್ತರ ಬಂತು: ನಿಮ್ಮ ಸಂದೇಶ ತಲುಪಿದೆ, ಧನ್ಯವಾದ. ಅದು ಯಂತ್ರ ತಾನೇ ಕಳಿಸುವ ಉತ್ತರ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.

‘ಹಿಂಬರಹ ಬಂತಲ್ಲ. ಇನ್ನ ಫೈಲು ಓಡ್ತೈತಿ’ ಎಂದರು.

ನಾನು ಹೇಳಲಿಲ್ಲ. ಅದನ್ನು ಪ್ರಿಂಟ್ ಮಾಡಿಸಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಅದೇ ತಿಂಗಳು ಅವರು ಬಳ್ಳಾರಿಗೆ ಕಿವಿ ತೋರಿಸಲು ಹೋದರು. ಮರುದಿನ ಊಟದ ಹೊತ್ತಿಗೆ ಟೇಪ್ ಹಚ್ಚಲಿಲ್ಲ. ಚೌಕುಳಿ ಹಾಳೆಯ ಮೇಲೆ ಎರಡು ಗೆರೆ ಇದ್ದ ಒಂದು ರಿಪೋರ್ಟ್ ನನ್ನ ಮುಂದಿಟ್ಟರು. ಎರಡೂ ಗೆರೆ ಇಳಿಜಾರಿನಲ್ಲಿದ್ದವು, ಒಂದು ಬಹಳ ಕೆಳಗೆ.

‘ಎಡಗಡೀದರ ಬಸ್ಸು ಹೋತು. ಬಲಗಡೀದು ಇನ್ನ ಸ್ಟ್ಯಾಂಡಿನ್ಯಾಗ ಐತಿ. ಈ ಸಪ್ಪಳ ಬಿಟ್ರ ಉಳೀತೈತಂತ. ಬಿಡಲಿಲ್ಲಂದ್ರ ಅದೂ ಹೋಕ್ಕತಿ ಅಂದ್ರು ಡಾಕ್ಟ್ರು.’

‘ಬಿಡ್ರಿ ಮತ್ತ.’

‘ಬಿಡ್ತೀನಿ. ಮೇಳದವರು ಬರೋತನಕ ಈ ಕಿವಿ ಕಾಯಬೇಕು. ಅವ್ರು ಬಂದಾಗ ನಾನ ಇಲ್ಲಂದ್ರ ಅರ್ಜಿ ಕೊಟ್ಟದ್ದು ಎದಕ್ಕ?’

ನನಗೆ ನಗು ಬಂತು. ಊರಿಗೆ ಊರೇ ಗಣಿಯ ಕಡೆ ಓಡಿ ಬರುತ್ತಿದ್ದಾಗ ಈ ಮನುಷ್ಯ ಒಂದು ಆಲ್ಬಮ್ ಕೇಳಲಿಕ್ಕೆಂದು ಕೆಲಸ ಬಿಡುತ್ತಿದ್ದರು. ಚಿಗವ್ವ ಎರಡು ದಿನ ಮಾತು ಬಿಟ್ಟಳಂತೆ. ಕೊನೆಗೆ ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಅವಳ ತಮ್ಮನ ಗದ್ದೆಗೆ ನೀರು ಕಟ್ಟಿಕೊಂಡಿರುವುದು ಎಂದು ತೀರ್ಮಾನವಾಯಿತು. ಸೋಮವಾರ ರಾಜೀನಾಮೆ ಕೊಟ್ಟರು.

ಮಂಗಳವಾರ ಮತ್ತೆ ಪಾಳಿಗೆ ಬಂದರು. ಬುಧವಾರವೂ ಬಂದರು.

‘ಯಾಕ್ರಿ ಕಾಕಾ?’

‘ಹೊಸ ಫೋರ್ಮನ್ ಸಿಗೋತನಕ ಎರಡು ತಿಂಗಳು ನಿಲ್ಲು ಅಂದಾರ ಮ್ಯಾನೇಜರು. ನಿಂತೀನಿ.’

ಅಷ್ಟೇ ಹೇಳಿದರು. ಅಂಥ ಕಾಲದಲ್ಲಿ ಕ್ರಷರ್ ಬಲ್ಲ ಫೋರ್ಮನ್ ಸಿಗುವುದು ಸುಲಭವಿರಲಿಲ್ಲ, ಮ್ಯಾನೇಜರು ಏನು ಕೊಟ್ಟಾದರೂ ಇಟ್ಟುಕೊಳ್ಳುತ್ತಿದ್ದರು. ನನಗೆ ರೇಗಿಹೋಯಿತು. ದಿನಾ ಗ್ರೀಸ್ ಹಾಕಿ ಕ್ರಷರ್ ಮತ್ತೆ ಶುರುವಾಗುವ ಹೊತ್ತಿಗೆ ನಾನು ಅವರ ಬಲಗಿವಿಯನ್ನೇ ನೋಡುತ್ತಿದ್ದೆ. ಭಾನುವಾರ ವೆಬ್‌ಸೈಟ್ ತೆರೆದರೆ ಅವವೇ ನಾಲ್ಕು ಸಾಲು. ಅಲ್ಲಿ ಮೇಳದವರು ತಡ ಮಾಡುತ್ತಿದ್ದರು, ಇಲ್ಲಿ ಇವರು ಕಿವಿ ಕಳೆಯುತ್ತಿದ್ದರು. ಒಂದು ಮಧ್ಯಾಹ್ನ ತಡೆಯಲಾರದೆ ಅಂದುಬಿಟ್ಟೆ:

‘ಕಿವಿ ಅಂತ, ಮೇಳ ಅಂತ. ನಿಮಗೂ ರೊಕ್ಕದ ರುಚಿ ಹತ್ತೇತಿ, ಅಷ್ಟ.’

ಅವರ ಬಲಗಡೆಯೇ ಕುಳಿತಿದ್ದೆ. ಟೇಪೂ ನಿಂತಿತ್ತು, ಕ್ರಷರೂ ನಿಂತಿತ್ತು. ಅವರು ಬುತ್ತಿಯ ರೊಟ್ಟಿ ಮುರಿದು ನನ್ನ ಕಡೆ ಸರಿಸಿ, ‘ತಿನ್ನು’ ಎಂದರು.

ಆ ವಾರವೇ ನನ್ನ ಕೋಣೆ ಬದಲಾಯಿತು. ಕ್ರಷರಿನಿಂದ ಬಹಳ ದೂರ, ಗೇಟಿನ ಹತ್ತಿರ ಹೊಸ ಕೋಣೆ ಕಟ್ಟಿಸಿ ಕಂಪ್ಯೂಟರನ್ನು ಅಲ್ಲಿಗೆ ಸಾಗಿಸಿದರು. ಧೂಳಿಗೆ ಕಂಪ್ಯೂಟರ್ ಹಾಳಾಗುತ್ತದೆ ಎಂದು ಮ್ಯಾನೇಜರು ಹೇಳಿದರು. ನಾನು ನಂಬಿದೆ. ಅಲ್ಲಿ ಮನುಷ್ಯರಿಗಿಂತ ಕಂಪ್ಯೂಟರಿನ ಮೇಲೆ ಕಾಳಜಿ ಜಾಸ್ತಿ ಇದ್ದದ್ದು ನಿಜವೇ.

ಏಳನೇ ವಾರ, ಹೊಸ ಕೋಣೆಯಲ್ಲಿ ಕುಳಿತಿದ್ದಾಗ ಎಲ್ಲೋ ಬಾಗಿಲು ಬಡಿದಂತೆ ಒಂದು ಸದ್ದು ಕೇಳಿತು. ಆಮೇಲೆ ಜನ ಓಡುವುದು ಕಾಣಿಸಿತು. ಅದಿರಿನ ಜೊತೆ ಜೆಸಿಬಿಯ ಬಕೆಟ್ಟಿನ ಉಕ್ಕಿನ ಹಲ್ಲೊಂದು ಮುರಿದು ಬಂದು ಕ್ರಷರಿನ ದವಡೆಗೆ ಸಿಕ್ಕಿತ್ತು. ಯಾರಿಗೂ ಗಾಯವಾಗಿರಲಿಲ್ಲ. ಫೋರ್ಮನ್ನರು ದವಡೆಯ ಪಕ್ಕದಲ್ಲೇ ನಿಂತಿದ್ದವರು ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೆಳಗೆ ಕುಳಿತಿದ್ದರು. ನಾನು ಹೋಗಿ ‘ಕಾಕಾ’ ಎಂದೆ. ನನ್ನ ಬಾಯಿಯನ್ನೇ ನೋಡಿದರು.

‘ಗುಂಯ್ ಅಂತೈತಿ’ ಎಂದರು.

ಆ ಗುಂಯ್ ಎನ್ನುವುದು ನಿಲ್ಲಲೇ ಇಲ್ಲ. ಎರಡು ತಿಂಗಳು ತುಂಬಿಸಿಯೇ ಮೆಟ್ರಿಗೆ ಹೋದರು. ಅಲ್ಲಿ ಮನೆಮಂದಿ ಕಿವಿಗೆ ಹಾಕುವ ಮಷೀನು ಕೊಡಿಸಿದರು. ಮಾತು ಬಾಯಿ ನೋಡಿ ಹೇಗೋ ತಿಳಿಯುತ್ತಿತ್ತು, ಹಾಡು ಹಚ್ಚಿದರೆ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆಂದು ಅದನ್ನು ಬಿಚ್ಚಿಟ್ಟುಬಿಟ್ಟರು. ಆದರೂ ನಾನು ತಿಂಗಳಿಗೊಮ್ಮೆ ಹೋದಾಗ ಮೊದಲು ಕೇಳುತ್ತಿದ್ದದ್ದು ಒಂದೇ: ‘ಏನಂತಾರ ಮೇಳದವರು?’ ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ‘ಬರ್ತಾರ. ಹಿಂಬರಹ ಕೊಟ್ಟಾರ’ ಎನ್ನುತ್ತಿದ್ದರು.

ಸುಮಾರು ಮೂರು ವರ್ಷದ ಮೇಲೆ ಮೇಳದವರು ಬಂದರು. ಹೊಸ ಆಲ್ಬಮ್ಮು, ಮೊದಲ ಹಾಡೇ ಹತ್ತೊಂಬತ್ತು ನಿಮಿಷ. ಸೈಬರಿನವನು ಸಿಡಿಗೆ ಹಾಕಿಕೊಟ್ಟ. ನಾನು ಸಿಡಿ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ರಿಯ ಬಸ್ಸು ಹತ್ತಿದೆ.

ಕಾಕಾ ಕಾಲುವೆಯ ಕಡೆ ಹೋಗಿದ್ದರು. ಚಿಗವ್ವ ಚಹಾ ಇಟ್ಟು ಪ್ಲೇಯರಿನ ಕಡೆ ನೋಡಿ ನಿಟ್ಟುಸಿರು ಬಿಟ್ಟಳು.

‘ಅವತ್ತ ಹೊಂಟು ಬಂದಿದ್ರ ಇದನ್ನ ಕೇಳ್ತಿದ್ರು. ನಿನ್ನ ಕ್ವಾಣಿ ಸರಿಸಿ ಕಟ್ಟಸಾಕಂತ ಅಲ್ಲೇ ನಿಂತ್ರು.’

‘ನನ್ನ ಕ್ವಾಣಿ?’

‘ಹೂಂ ಮತ್ತ. ಮ್ಯಾನೇಜರು ಎರಡು ತಿಂಗಳು ನಿಲ್ಲು ಅಂದ್ರಂತ. ರೊಕ್ಕ ಬ್ಯಾಡ, ಆ ಹುಡುಗೀನ್ನ ಗ್ವಾಡಿ ಬಿಟ್ಟು ದೂರ ಕುಂದ್ರಸ್ರಿ, ಅಂದ್ರ ನಿಲ್ತೀನಿ ಅಂದ್ರಂತ. ಆಕಿ ಈಗ ಒದರಿ ಮಾತಾಡಾಕ ಹತ್ಯಾಳ, ನನ್ನ ಕಿವಿ ಹೋಗೂದೂ ಹಂಗ ಶುರುವಾತು ಅಂದ್ರು. ನಿನಗ ಹೇಳಿಲ್ಲೇನು?’

ಹೇಳಿರಲಿಲ್ಲ. ಹೊರಗೆ ಅವರು ಸಲಿಕೆ ಇಟ್ಟು ಕಾಲು ತೊಳೆಯುವ ಸದ್ದು ನನಗೆ ಒಳಗಿನವರೆಗೂ ಕೇಳುತ್ತಿತ್ತು.

ಪ್ಲೇಯರ್ ನೋಡಿದ್ದೇ ಅವರಿಗೆ ಗೊತ್ತಾಯಿತು. ಮುಖ ಅರಳಿತು. ಕಟ್ಟೆಯ ಮೇಲೆ ಕುಳಿತು ಮೊಳಕಾಲಿನ ಮೇಲೆ ಕೈಯಿಟ್ಟುಕೊಂಡು ಸಿದ್ಧರಾದರು. ನಾನು ಸದ್ದನ್ನು ಪೂರ್ತಿ ಏರಿಸಿ ಹಚ್ಚಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಕಟ್ಟೆಯ ಮೇಲಿದ್ದ ಕೋಳಿಗಳು ಹಾರಿಹೋದವು. ಕಾಕಾ ಹಾಗೆಯೇ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

‘ಹಚ್ಚವ್ವ. ಯಾಕ ತಡ?’

ನಾನು ಪ್ಲೇಯರಿನ ಪುಟ್ಟ ಪರದೆಯ ಕಡೆ ಬೆರಳು ತೋರಿಸಿದೆ. ಅಲ್ಲಿ ನಿಮಿಷ, ಸೆಕೆಂಡು ಓಡುತ್ತಿದ್ದವು. ನಾಲ್ಕನೇ ನಿಮಿಷ ನಡೆಯುತ್ತಿತ್ತು. ಅವರು ಕನ್ನಡಕ ಏರಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಆ ಅಂಕಿಗಳನ್ನೇ ನೋಡುತ್ತ ಕುಳಿತರು.

ನನಗೆ ತಡೆಯಲಾಗಲಿಲ್ಲ. ‘ಕಾಕಾ, ಅವತ್ತ ನಾ ಅಂದದ್ದು ತಪ್ಪಾತ್ರಿ. ನನಗ ಗೊತ್ತಿರಲಿಲ್ಲ’ ಎಂದೆ. ಅವರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ನಾನು ಮುಂದೆ ಹೋಗಿ ಎದುರಿಗೆ ಕುಳಿತು ಮತ್ತೆ ಬಾಯಿ ತೆರೆದೆ. ನನ್ನ ತುಟಿ ಅಲ್ಲಾಡುವುದನ್ನು ಕಂಡು ಅವರು ಕೈ ಎತ್ತಿ ತಡೆದರು.

‘ಸುಮ್ನ ಕುಂದ್ರವ್ವ. ಹಾಡು ನಡದೈತಿ.’

ಸುಮ್ಮನೆ ಕುಳಿತೆ. ಹತ್ತೊಂಬತ್ತು ನಿಮಿಷ ಮುಗಿದು ಅಂಕಿ ನಿಂತಾಗ ಅವರು ಎದ್ದು ಟವೆಲಿನಿಂದ ಮುಖ ಒರೆಸಿಕೊಂಡರು. ‘ನಮ್ಮ ಅರ್ಜಿ ಮುಟ್ಟಿತ್ತು ಅಂತಾತು’ ಎಂದು ನಕ್ಕರು. ಅಷ್ಟರಲ್ಲಿ ನನ್ನ ಬಸ್ಸು ಬಂತು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುಂಚೆ ನಾನು ಎರಡು ಸಲ ಮೆಟ್ರಿಗೆ ಹೋಗಿದ್ದೆ. ಎರಡು ಸಲವೂ ತಪ್ಪಾಯಿತೆಂದು ಬಾಯಲ್ಲೇ ಹೇಳಲು ಹೋಗಿ, ಅವರು ಬೇರೆ ಕಡೆ ನೋಡಿದಾಗ ಬಿಟ್ಟೆ. ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಬಹುದಿತ್ತು, ಅವರು ಓದುತ್ತಿದ್ದರು. ಅದು ನನಗೆ ಹೊಳೆದದ್ದು ಅವರನ್ನು ಮಣ್ಣು ಮಾಡಿ ಕಂಪ್ಲಿಗೆ ವಾಪಸು ಬರುವ ಬಸ್ಸಿನಲ್ಲಿ.