ಜಗಲಿಯ ಮೇಲೆ ಕಾರಿನ ಫ್ಯಾನು

ಬೆಳಗಿನ ಆರು ಗಂಟೆ. ಶಿಡ್ಲಘಟ್ಟದ ಕೆರೆ ಕಡೆಯಿಂದ ಎದ್ದ ಮಂಜು ಇನ್ನೂ ಕೇರಿಯೊಳಗೇ ಇದೆ. ಮಂಗಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕಬ್ಬಿಣದ ಉರುಳೆ. ಮೋಟಾರಿನ ಹೊಟ್ಟೆಯೊಳಗೆ ತಿರುಗುವ ಈ ಉರುಳೆಗೆ ಆರ್ಮೇಚರ್ ಎಂದು ಹೆಸರು. ಅದರ ಮೈಮೇಲಿನ ಸೀಳುಗಳಿಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಅವರು ಸುತ್ತುತ್ತಿದ್ದಾರೆ. ತುಟಿ ಅಲುಗುತ್ತಿದೆ, ಸದ್ದು ಬರುತ್ತಿಲ್ಲ.

"ನಮಸ್ಕಾರ ತಾಯಿ, ನಾನು ಪತ್ರಿಕೆಯವನು" ಎಂದೆ.

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನಲವತ್ತೇಳಾಗಿತ್ತು ಸ್ವಾಮಿ" ಎಂದರು. ಕೋಪವೇನೂ ಇರಲಿಲ್ಲ. ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದರು. ನಾನು ಬಾಯಿ ಮುಚ್ಚಿಕೊಂಡು ಎದುರಿನ ಒರಳುಕಲ್ಲಿನ ಮೇಲೆ ಕೂತೆ.

ನಿಜ ಹೇಳಬೇಕೆಂದರೆ ನಾನು ಈ ಊರಿಗೆ ಬಂದದ್ದು ಮಂಗಮ್ಮನವರಿಗಾಗಿ ಅಲ್ಲ. ಬಸ್ ನಿಲ್ದಾಣದ ಹತ್ತಿರ ಕೋನಪ್ಪನವರ ಗ್ಯಾರೇಜಿದೆ. ಚಿಂತಾಮಣಿ, ಗೌರಿಬಿದನೂರಿನಿಂದಲೂ ಕೆಟ್ಟ ಮೋಟಾರುಗಳನ್ನು ಅಲ್ಲಿಗೆ ತರುತ್ತಾರೆ. ಆ ವೈಂಡಿಂಗ್ ಮಾಡುವ ಕೈ ಯಾರದು, ನೋಡಿ ಬರೆಯೋಣ ಎಂದು ಬಂದವನು ನಾನು. "ಎಲ್ಲಾ ನಮ್ಮಲ್ಲೇ ಮಾಡ್ತೀವಿ ಸಾರ್" ಎಂದು ಹಿಂದಿನ ಸಂಜೆ ಕೋನಪ್ಪನವರು ಕಾಫಿ ಕುಡಿಸಿದರು. ಎಲ್ಲಿ, ತೋರಿಸಿ ಎಂದರೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಕಾಫಿ ಅಂಗಡಿಯವನು ಹೊರಗೆ ಬಂದು, "ಆ ಮೋಟಾರೆಲ್ಲಾ ಚೀಲದಾಗೆ ಮಂಗಮ್ಮನ ಮನೆಗೆ ಹೋಗ್ತವೆ, ಅಲ್ಲಿ ಹೋಗಿ" ಎಂದು ದಾರಿ ತೋರಿಸಿದ. ಹನ್ನೊಂದು ವರ್ಷದಿಂದ ಇದು ಹೀಗೇ ನಡೆದಿದೆಯಂತೆ. ಹೆಸರು ಗ್ಯಾರೇಜಿನದು, ಕೈ ಇವರದು. ನನಗೆ ಕುಡಿದ ಕಾಫಿಯೇ ಕಹಿಯಾಯಿತು.

ಮಂಗಮ್ಮನವರಿಗೆ ಈಗ ನಲವತ್ತರ ಆಸುಪಾಸು. ಹನ್ನೆರಡನೇ ವಯಸ್ಸಿಗೇ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದವರು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತವೆ. ಬಿಸಿಗೆ ಗೂಡಿನ ಅಂಟು ಬಿಡುತ್ತದೆ. ಬೆರಳು ಅದ್ದಿ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಕಣ್ಣಿಗೆ ಕಾಣದ ಎಳೆ, ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು. ಹದಿನೈದು ವರ್ಷ ಅದನ್ನೇ ಮಾಡಿದ್ದಾರೆ. ಇವತ್ತಿಗೂ ಅವರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದೆ.

ಗಂಡ ಮುನಿಗಂಗಪ್ಪ ಇದೇ ಗ್ಯಾರೇಜಿನಲ್ಲಿ ವೈಂಡಿಂಗ್ ಮಾಡುತ್ತಿದ್ದರು. ಐವತ್ಮೂರನೇ ಇಸವಿಯಲ್ಲಿ ಒಂದು ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಿತು. ದೊಡ್ಡ ವಸ್ತುಗಳು ಕಾಣುತ್ತವೆ, ತಂತಿ ಕಾಣುವುದಿಲ್ಲ. ಆಗ ಅರ್ಧ ಸುತ್ತಿದ್ದ ಒಂದು ಮೋಟಾರು ಮನೆಯಲ್ಲೇ ಉಳಿದಿತ್ತು. "ಇವ್ರು ಅಳ್ತಾ ಕೂತಿದ್ರು. ನಾನು ಅದನ್ನ ಎತ್ಕೊಂಡು, ಎಷ್ಟು ಸುತ್ತು ಹೇಳಿ ಅಂದೆ. ರೇಷ್ಮೆಗಿಂತ ಸಲೀಸು ಸ್ವಾಮಿ, ಇದು ಕೈ ಸುಡಲ್ಲ" ಎನ್ನುತ್ತಾರೆ ಮಂಗಮ್ಮ. ಅಂದಿನಿಂದ ಗಂಡ ಮೋಟಾರು ಬಿಚ್ಚಿ ಜೋಡಿಸುತ್ತಾರೆ, ಹೆಂಡತಿ ತಂತಿ ಸುತ್ತುತ್ತಾರೆ.

ದಿನಕ್ಕೆ ಮೂರು ಆರ್ಮೇಚರ್, ಮೈ ಹುಷಾರಿದ್ದರೆ ನಾಲ್ಕು. ಒಂದೊಂದರಲ್ಲಿ ಹನ್ನೆರಡು ಸೀಳು, ಒಂದು ಸೀಳಿಗೆ ಅರವತ್ತು ಸುತ್ತು. ಮೇಜಿನ ಫ್ಯಾನು, ಬಸ್ಸಿನ ಗಾಜು ಒರೆಸುವ ಮೋಟಾರು, ಸಿನಿಮಾ ಟೆಂಟಿನ ಮೋಟಾರು ಎಲ್ಲವೂ ಬರುತ್ತವೆ. ಅವರಿಗೆ ಓದು ಬರಹ ಬಾರದು. ಎಣಿಕೆಯೆಲ್ಲ ತೆಲುಗಿನಲ್ಲಿ, ತುಟಿಯ ಮೇಲೇ.

ನಾನು ಇಷ್ಟು ಉದ್ದ ಪೀಠಿಕೆ ಹಾಕಿದ್ದು ಚೆನ್ನರಾಯಪ್ಪನವರ ಕಾರಿನ ವಿಷಯ ಹೇಳಲಿಕ್ಕೆ.

ಚೆನ್ನರಾಯಪ್ಪ ಸಾದಲಿಯ ಗೌಡರು. ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ ಎಲ್ಲ ಇದ್ದವರು. ನಂದಿಬೆಟ್ಟದಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಸೀಮೆ ಕಾರೊಂದನ್ನು ಕೊಂಡಿದ್ದಾರೆ. ಅದರ ಡ್ರೈವರನ ಕಾಲ ಬಳಿ ಒಂದು ತಗಡಿನ ಪೆಟ್ಟಿಗೆ. ಇಂಜಿನ್ನಿನ ಬಿಸಿನೀರು ಆ ಪೆಟ್ಟಿಗೆಗೆ ಹರಿದು ಬರುತ್ತದೆ, ಒಳಗಿನ ಸಣ್ಣ ಫ್ಯಾನು ಬೆಚ್ಚನೆ ಗಾಳಿಯನ್ನು ಮುಂದಿನ ಗಾಜಿಗೆ ಊದುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಇದೆಂಥ ಸೋಜಿಗ ಎಂದು ನಗುವವರು ಮಾರ್ಗಶಿರದ ಬೆಳಗಿನ ಜಾವ ಕಳವಾರದ ಕಡೆ ಬಂದು ನೋಡಬೇಕು. ಸ್ಕಂದಗಿರಿಯಿಂದ ಇಳಿದ ಮಂಜಿನಲ್ಲಿ ಎದುರಿನ ಎತ್ತು ಕಾಣುವುದಿಲ್ಲ. ಸಾಲದ್ದಕ್ಕೆ ಒಳಗಿನವರ ಉಸಿರಿಗೇ ಗಾಜು ಬೆವರುತ್ತದೆ.

ಆ ಫ್ಯಾನು ಕಾರ್ತಿಕದಲ್ಲಿ ನಿಂತುಹೋಯಿತು. ಬೇರೆ ಕಾಲವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಗೌಡರ ಮಗಳು ವರಲಕ್ಷ್ಮಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆಗೆ ಉಬ್ಬಸ. ಚಳಿಗಾಳಿ ತಾಗಿದರೆ ಉಸಿರೇ ಸಿಕ್ಕುವುದಿಲ್ಲ. ನೋವು ಶುರುವಾದ ತಕ್ಷಣ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತರಬೇಕು, ಮನೆಯಲ್ಲಿ ಹೆರಿಗೆ ಮಾಡಿಸಿದರೆ ತಾಯಿಯ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ನೋವು ಬರುವ ಮುಂಚೆ ಆಸ್ಪತ್ರೆಯಲ್ಲಿ ಮಂಚ ಸಿಗುವುದಿಲ್ಲ. ಪೇಟೆಯಲ್ಲಿ ಇಳಿದುಕೊಳ್ಳಲು ನೆಂಟರಿಲ್ಲ.

ಡ್ರೈವರು ಮುನಿಶಾಮಿಗೆ ನಿದ್ದೆ ಹಾರಿಹೋಯಿತು. "ಕಿಟಕಿ ತೆಗೆದ್ರೆ ಆಯಮ್ಮಂಗೆ ಉಬ್ಬಸ, ಮುಚ್ಚಿದ್ರೆ ಗಾಜು ಕುರುಡು. ಹೋದ ವರ್ಷ ಒಂದಿನ ಫ್ಯಾನು ಹಾಕ್ದೆ ಹಂಗೇ ಗಾಜು ಒರೆಸ್ಕೊಂಡು ಓಡಿಸ್ತಾ ಕೆರೆ ಏರಿ ಮ್ಯಾಲಿಂದ ಹುಣಸೆಮರಕ್ಕೆ ಹೊಡ್ದಿದ್ದೆ. ಮರ ಇಲ್ದಿದ್ರೆ ಕೆರೆ. ಗೌಡ್ರೆ, ಬಸುರಿ ಹೆಂಗ್ಸನ್ನ ಕೂರಿಸ್ಕೊಂಡು ನಾನು ಹಂಗೆ ಹೊರಡಲ್ಲ ಅಂದ್ಬಿಟ್ಟೆ" ಎಂದು ಅವನೇ ನನಗೆ ಹೇಳಿದ.

ಗ್ಯಾರೇಜಿನಲ್ಲಿ ಫ್ಯೂಸು ಹಾಕಿದರು, ವೈರು ಬದಲಿಸಿದರು. ಕೊನೆಗೆ ಕೋನಪ್ಪನವರು, ಆರ್ಮೇಚರ್ ಸುಟ್ಟಿದೆ, ಇಂಥ ಸೀಮೆ ಮೋಟಾರನ್ನು ಇಲ್ಲಿ ಯಾರೂ ಸುತ್ತಿಲ್ಲ, ಹೊಸದು ಹಡಗಿನಲ್ಲಿ ಬರಬೇಕು, ಮೂರು ತಿಂಗಳು ಹಿಡಿಯುತ್ತದೆ ಎಂದರು. ಹೆರಿಗೆಗೆ ಉಳಿದಿದ್ದುದು ಎರಡು ವಾರ. ಗೌಡರು ಅಲ್ಲೇ ಟೈರಿನ ಮೇಲೆ ಕುಸಿದು ಕೂತರಂತೆ. ಅವರ ಮುಖ ನೋಡಲಾರದೆ ಕೋನಪ್ಪನವರೇ, ಮಂಗಮ್ಮನ ಕೈಗೆ ಒಂದು ಸಲ ಕೊಟ್ಟು ನೋಡೋಣ ಎಂದು ಬಾಯಿಬಿಟ್ಟರು.

ಗೌಡರು ಮೋಟಾರನ್ನು ತಾವೇ ಹಿಡಿದುಕೊಂಡು ಬಂದರು. ಆ ಮನೆತನದವರು ಈ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಬೇವಿನಮರದ ಹತ್ತಿರವೇ ನಿಂತರು, ಜಗಲಿಗೆ ಬರಲಿಲ್ಲ. ಮುನಿಗಂಗಪ್ಪನವರೇ ಹೋಗಿ ಇಸಿದುಕೊಂಡರು.

ಮಂಗಮ್ಮ ಯಾವ ಮೋಟಾರನ್ನಾದರೂ ಮೊದಲು ಮೂಸುತ್ತಾರೆ. ಸುಟ್ಟ ವಾರ್ನಿಷ್ ವಾಸನೆ ಅವರಿಗೆ ಚೆನ್ನಾಗಿ ಗೊತ್ತು. ಇದನ್ನು ಮೂಸಿ, ಇನ್ನೊಮ್ಮೆ ಮೂಸಿ, ಗಂಡನ ಮುಖ ನೋಡಿದರಂತೆ. "ಸುಟ್ಟ ವಾಸ್ನೆ ಒಂಚೂರೈತೆ ಅಷ್ಟೆ. ಉಳಿದಿದ್ದೆಲ್ಲಾ ನಾನು ಹದಿನೈದು ವರ್ಷ ಕುಡಿದ ವಾಸ್ನೆ. ಗೂಡಿನ ವಾಸ್ನೆ" ಎಂದು ಈಗ ನಗುತ್ತಾರೆ.

ಫ್ಯಾನಿನ ರೆಕ್ಕೆಗೂ ಮೋಟಾರಿಗೂ ನಡುವೆ, ರೆಕ್ಕೆಯನ್ನು ತಿರುಗಿಸುವ ಕಬ್ಬಿಣದ ಕಡ್ಡಿಯ ಸುತ್ತ ಕಂದು ಬಣ್ಣದ ಗಟ್ಟಿ ಬಳೆಯಂಥದ್ದು ಒಂದಿತ್ತು. ಗ್ಯಾರೇಜಿನವರು ಅದನ್ನು ಮೋಟಾರಿನದೇ ಭಾಗ ಎಂದುಕೊಂಡು ಮುಟ್ಟಿರಲಿಲ್ಲ. ಮಂಗಮ್ಮ ಉಗುರಿನಿಂದ ಕೆರೆದರು. ರೇಷ್ಮೆ.

"ಗೌಡ್ರೆ, ಕಾರಾಗೆ ಗೂಡು ಸಾಗಿಸಿದ್ರಾ" ಎಂದು ಕೇಳಿದರು.

ಬೇವಿನಮರದಡಿ ನಿಂತಿದ್ದ ಗೌಡರ ಮುಖ ಸಣ್ಣಗಾಯಿತು. ಸಾಗಿಸಿದ್ದು ನಿಜ. ಆಶ್ವಯುಜದಲ್ಲಿ ಮಳೆ ಹಿಡಿದು ಎತ್ತಿನಗಾಡಿ ಹೋಗದಾದಾಗ ಹಿಂದಿನ ಸೀಟಿನ ತುಂಬ ಗೂಡು ಸುರಿದುಕೊಂಡು ಮೂರು ಸಲ ಮಾರುಕಟ್ಟೆಗೆ ಬಂದಿದ್ದರು. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಮುಚ್ಚಿದ ಜಾಗದಲ್ಲಿ ಗೂಡು ಬೆವತರೆ ನೂಲು ಕೆಡುತ್ತದೆ, ಗಾಳಿ ಆಡಬೇಕು. ಹುಳು ಸಾಕಿದವನಿಗೆ ಅದು ಹೇಳಿಕೊಡಬೇಕಾದ ಮಾತಲ್ಲ. ಗೂಡಿಗೆ ಗಾಳಿಯಾಗಲಿ ಎಂದು ಗೌಡರೇ ದಾರಿಯುದ್ದಕ್ಕೂ ಆ ಫ್ಯಾನು ಹಾಕಿಸಿದ್ದರು. ಗೂಡಿನ ಮೇಲಿನ ಹತ್ತಿಯಂಥ ಎಳೆಗಳನ್ನೆಲ್ಲ ಅದು ಎಳೆದುಕೊಂಡು ಸೊಂಟಕ್ಕೆ ಸುತ್ತಿಕೊಂಡಿತ್ತು. ಮೇಲೆ ಎಣ್ಣೆ ಕೂತು ಕಲ್ಲಾಗಿತ್ತು.

ಚಾಕುವಿನಲ್ಲಿ ಕೊಯ್ದುಬಿಡಿ ಎಂದರು ಗೌಡರು. ಮಂಗಮ್ಮ ಒಪ್ಪಲಿಲ್ಲ. ಕಡ್ಡಿಗೆ ಗೀರು ಬಿದ್ದರೆ ಫ್ಯಾನು ಮತ್ತೆಂದೂ ಸರಾಗವಾಗಿ ತಿರುಗುವುದಿಲ್ಲ, ಬೇರೆ ಕಡ್ಡಿ ಈ ದೇಶದಲ್ಲಿಲ್ಲ. ಅವರು ಒಲೆಗೆ ನೀರಿಟ್ಟರು. ಕುದಿಯುವ ನೀರಿಗೆ ಬಟ್ಟೆ ಅದ್ದಿ ಹಿಂಡಿ, ತಂತಿಗೆ ಹನಿ ತಾಗದಂತೆ ಆ ಬಳೆಗೆ ಮಾತ್ರ ಒತ್ತಿದರು. ಆರಿದಂತೆಲ್ಲ ಮತ್ತೆ ಒತ್ತಿದರು. ಗಳಿಗೆ ಕಳೆದ ಮೇಲೆ ಅಂಟು ಬಿಟ್ಟಿತು. ಬೆರಳಿಗೆ ಒಂದು ತುದಿ ಸಿಕ್ಕಿತು.

"ರಾ ತಲ್ಲಿ, ರಾ" ಎಂದು ಎಳೆಯನ್ನು ತೆಲುಗಿನಲ್ಲಿ ಕರೆಯುತ್ತಾ ಎಳೆದರಂತೆ. ಬಾರಮ್ಮ, ಬಾ. ಎಳೆ ಕಡಿಯಿತು. ಮತ್ತೆ ತುದಿ ಹುಡುಕಿದರು. ಎಷ್ಟು ಸಲ ಕಡಿಯಿತೋ ಲೆಕ್ಕವಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಬರಿದಾಗಿ ಹೊಳೆಯಿತು. ತಿರುಗಲಾರದೆ ತಿಣುಕಿದ್ದ ಮೋಟಾರಿನಲ್ಲಿ ಎರಡು ಸೀಳಿನ ತಂತಿ ಕಪ್ಪಾಗಿತ್ತು. ಅವನ್ನು ಬಿಚ್ಚಿ ಹೊಸದಾಗಿ ಸುತ್ತಿ, ವಾರ್ನಿಷ್ ಹಚ್ಚಿ, ಎರಡು ದಿನ ಬಿಸಿಲಿಗೆ ಒಣಗಿಸಿದರು. ಮೂರನೇ ದಿನ ಕಾರೇ ಕೇರಿಗೆ ಬಂತು. ಮುನಿಗಂಗಪ್ಪ ತಡವರಿಸುತ್ತಾ ಪೆಟ್ಟಿಗೆಯೊಳಗೆ ಫ್ಯಾನು ಕೂರಿಸಿದರು. ಆ ದಿನ ಗೌಡರು ಜಗಲಿಯ ಮೇಲೆ ಕೂತಿದ್ದರು. ಕುಡಿಯಲು ನೀರು ತಾವಾಗಿಯೇ ಕೇಳಿದರು.

ಅದಾದ ನಾಲ್ಕನೇ ಬೆಳಗ್ಗೆ ವರಲಕ್ಷ್ಮಮ್ಮನಿಗೆ ನೋವು ಕಾಣಿಸಿಕೊಂಡಿತು. ಹೊರಗೆ ಚಳಿ, ಮಂಜು. "ಕಿಟಕಿ ಒಂದಿಂಚೂ ತೆಗೀಲಿಲ್ಲ ಸ್ವಾಮಿ. ಗಾಜು ತೊಳೆದಿಟ್ಟಂಗಿತ್ತು. ಹುಣಸೆಮರ ದೂರದಿಂದ್ಲೇ ಕಾಣ್ತು, ಕೈ ಮುಗ್ದೆ" ಎನ್ನುತ್ತಾನೆ ಮುನಿಶಾಮಿ. ಆಸ್ಪತ್ರೆ ಸೇರಿದ ಮುಕ್ಕಾಲು ಗಂಟೆಗೆ ಹೆಣ್ಣು ಮಗು. ತಾಯಿ ಕ್ಷೇಮ, ಮಗು ಕ್ಷೇಮ. ಸುದ್ದಿ ಕೇಳಿ ಮಂಗಮ್ಮ ಅರ್ಧ ಸುತ್ತಿದ್ದ ಆರ್ಮೇಚರನ್ನು ಮತ್ತೆ ಕೈಗೆತ್ತಿಕೊಂಡರಂತೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎಂದು ನನ್ನೆದುರು ಒಪ್ಪಿಕೊಂಡರು.

ನಾನು ಇಲ್ಲಿಗೆ ಬಂದುಹೋದದ್ದು ತಿಳಿದ ಮೇಲೆ ಕೋನಪ್ಪನವರು ಕೇಳಿದವರಿಗೆ ಮಂಗಮ್ಮನ ಮನೆಯ ದಾರಿ ಹೇಳುತ್ತಾರೆ, ಸ್ವಲ್ಪ ಮುಖ ಊದಿಸಿಕೊಂಡೇ.

ನಿಮಗೇನಾದರೂ ಆಸೆ ಇದೆಯೇ ಎಂದು ಮಂಗಮ್ಮನವರನ್ನು ಕೇಳಿದ್ದೆ. ಇಂಥ ಪ್ರಶ್ನೆ ಕೇಳುವುದು ನಮ್ಮ ಕಸುಬಿನ ಚಾಳಿ. ಅವರು ಕೈಯಲ್ಲಿದ್ದ ತಂತಿಯ ತುದಿ ಕಟ್ಟಿದರು. "ಮೋಟಾರು ಬಿಡಿಯಾಗಿ ಬರ್ತದೆ, ಬಿಡಿಯಾಗಿ ಹೋಗ್ತದೆ. ಅದು ಅದರ ಜಾಗದಾಗೆ ಕೂತು ಕೆಲ್ಸ ಮಾಡೋದು ನಾನು ನೋಡೇ ಇಲ್ಲ. ಆ ಗೌಡ್ರ ಕಾರೂ ಅಷ್ಟೆ, ಇಲ್ಲಿ ನಿಂತಾಗ ಮಂಜೇ ಇರ್ಲಿಲ್ಲ. ಒಂದ್ಸಲ ನೋಡ್ಬೇಕು" ಎಂದರು.

ನಾನು ಆ ಮಾತನ್ನು ಮುನಿಶಾಮಿಯ ಕಿವಿಗೆ ಹಾಕಿದೆ. ಪತ್ರಿಕೆಯವನು ಇಷ್ಟಾದರೂ ಮಾಡಬೇಡವೇ.

ಮೊನ್ನೆ ಭಾನುವಾರ ಬೆಳಗಿನ ಮಂಜಿನಲ್ಲೇ ಕಾರು ಕೇರಿಗೆ ಬಂದು ನಿಂತಿದೆ. ತಿಂಗಳ ಕೂಸನ್ನು ಡಾಕ್ಟರಮ್ಮನಿಗೆ ತೋರಿಸಲು ವರಲಕ್ಷ್ಮಮ್ಮ ಹೊರಟಿದ್ದಾಳೆ. ಮಂಗಮ್ಮ ಸೆರಗು ಹೊದ್ದು ಹಿಂದಿನ ಬಾಗಿಲ ಕಡೆ ನಡೆದರೆ ಮುನಿಶಾಮಿ ಮುಂದಿನ ಬಾಗಿಲು ತೆಗೆಯುತ್ತಾನೆ. ಹಿಂದೆ ಗೌಡರ ಪಕ್ಕದಲ್ಲಿ ನನಗೂ ಗೇಣು ಜಾಗ ಸಿಗುತ್ತದೆ. ಊರು ದಾಟುವಷ್ಟರಲ್ಲಿ ನಮ್ಮ ಉಸಿರಿಗೆ ಗಾಜು ಬೆಳ್ಳಗಾಗಿದೆ. ಮುನಿಶಾಮಿ ಕಾರು ನಿಧಾನಿಸಿ, "ನೀವೇ ಹಾಕಿ ಮಂಗಮ್ಮೋರೆ" ಎಂದು ಗುಂಡಿ ತೋರಿಸುತ್ತಾನೆ.

ಅವರು ಒತ್ತುತ್ತಾರೆ. ಸಣ್ಣಗೆ ಗುರ್ ಎಂದು ಸದ್ದು ಏಳುತ್ತದೆ. ಗಾಜಿನ ಬುಡದಲ್ಲಿ ಮೊದಲು ಅಂಗೈ ಅಗಲ ತಿಳಿಯಾಗುತ್ತದೆ, ಆಮೇಲೆ ರಸ್ತೆ, ಆಮೇಲೆ ರಸ್ತೆಯಂಚಿನ ಮರಗಳು. ಮಂಗಮ್ಮ ಗಾಳಿಗೆ ಕೈ ಒಡ್ಡಿ ಕೂತಿದ್ದಾರೆ. ತುಟಿ ಅಲುಗುತ್ತಿದೆ. ಈ ಸಲ ನಾನು ಮಾತಾಡಿಸುವುದಿಲ್ಲ.

"ಅಲ್ಲಿ ಬೆಚ್ಚಗಿರ್ತದೆ, ನೀವೇ ಎತ್ಕೊಳಿ ಮಂಗಮ್ಮ" ಎಂದು ವರಲಕ್ಷ್ಮಮ್ಮ ಹಿಂದಿನಿಂದ ಕೂಸನ್ನು ನೀಡುತ್ತಾಳೆ. ಗೌಡರು ಮಗಳ ಕಡೆ ಒಮ್ಮೆ ನೋಡಿ, ಕೂಸಿನ ಕುಲಾವಿ ಸರಿಮಾಡಿ ಮುಂದಕ್ಕೆ ದಾಟಿಸುತ್ತಾರೆ. ಆರ್ಮೇಚರ್ ಹಿಡಿಯುವ ಆ ಮಡಿಲಲ್ಲಿ ಮಗು ಮುಷ್ಟಿ ಬಿಗಿದು ನಿದ್ದೆ ಮಾಡುತ್ತದೆ.

ಬಹಳ ಹೊತ್ತಿನ ಮೇಲೆ ಮಂಗಮ್ಮ ತಿರುಗಿ ನೋಡದೆಯೇ ನನಗೆ ಹೇಳುತ್ತಾರೆ: "ಇಷ್ಟು ವರ್ಷ ನನ್ ಮಡ್ಲಿಗೆ ಬಂದಿದ್ದೆಲ್ಲಾ ಕೆಟ್ಟೇ ಬರ್ತಿತ್ತು ಸ್ವಾಮಿ. ಇದೊಂದು ಸರಿಯಾಗೇ ಬಂದೈತೆ."