ಮುದ್ದೆ ಕೇಳಿ ಮರಿ ಕೊಟ್ಟವರು

ನಮ್ಮ ಪೊಮೇರಿಯನ್ ನಾಯಿ ಬೀದಿನಾಯಿಯ ಸಹವಾಸದಿಂದ ನಾಲ್ಕು ಮರಿ ಹಾಕಿದಾಗ, ಅವಕ್ಕೆ ಮನೆ ಸಿಗದಿದ್ದರೆ ಎಂಬ ಚಿಂತೆಗೆ ನನಗೆ ಜ್ವರವೇ ಬಂತು. ಮರಿ ಹಂಚುವ ಕೆಲಸವನ್ನು ಪಕ್ಕದ ಮನೆಯ ಅಕ್ಕ ವಹಿಸಿಕೊಂಡರು. ಕೇಳಿ ಬಂದವರ ಮುಂದೆ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ವಿಚಾರಿಸುತ್ತಿದ್ದರು: "ನಿಮ್ಮನೇಲಿ ಮುದ್ದೆ ಉಳೀತದಾ?"

ಕೊನೆಯ ಮರಿಗೆ ದಬ್ಬೇಘಟ್ಟದ ತೋಟದವರೊಬ್ಬರು ಬಂದರು.

"ಬೇಕಾದಷ್ಟು ಉಳೀತದೆ ಕಣಕ್ಕ."

"ಹಂಗಾದ್ರೆ ಕೊಡಾಕಿಲ್ಲ ಬುಡಪ್ಪ."

ಬಂದ ಸಂಬಂಧ ತಪ್ಪಿತೆಂದು ನಾನು ತಲೆಯ ಮೇಲೆ ಕೈಹೊತ್ತೆ.

ಮಾರನೆಯ ದಿನ ಕೊಬ್ಬರಿ ಸುಲಿಯುವ ಹೆಂಗಸೊಬ್ಬಳು ಬಂದಳು. "ಎಲ್ಲಿ ಉಳೀತದಕ್ಕ? ಇದ್ಕೂ ಒಂದು ಮುದ್ದೆ ಸೇರ್ಸಿ ಕಟ್ತೀನಿ" ಎಂದಳು. ಅಕ್ಕ ತಕ್ಷಣ ಸೆರಗಿನಿಂದ ಮರಿ ತೆಗೆದು ಕೊಟ್ಟರು.

ಇದೇನಕ್ಕ ಲೆಕ್ಕ ಎಂದೆ.

"ಉಳಿದ್ರೆ ಹಾಕೋರು, ಉಳೀದಿದ್ ದಿನ ಏನ್ ಹಾಕ್ತಾರೆ ಕಣಪ್ಪ?"

ಅಷ್ಟೆಲ್ಲ ಚಿಂತೆ ಮಾಡಿದ್ದ ನನಗೆ ಆ ಒಂದು ಚಿಂತೆ ಹೊಳೆದೇ ಇರಲಿಲ್ಲ.